ಸೊಪ್ಪಿನ ಹೆಸರು, ಬೆಳ್ಳಿಯ ಪುಡಿ

ಔಷಧ ಪರವಾನಗಿ ಕಚೇರಿಯ ಮುಖ್ಯಸ್ಥರೇ,

ಮೂಳೆಯ ಕುಳಿ ತುಂಬುವ ನಮ್ಮ ಪುಡಿಗೆ "ಸಸ್ಯಮೂಲದ್ದು, ಆದ್ದರಿಂದ ನಿರಪಾಯಕಾರಿ" ಎಂದು ಷರಾ ಬರೆದು, ಮುಂದಿನ ಪರೀಕ್ಷೆಗಳಿಂದ ವಿನಾಯಿತಿ ದಯಪಾಲಿಸಿದ್ದೀರಿ. ಆ ಪುಡಿ ತಯಾರಿಸುವವಳು ನಾನು. ನಿಮ್ಮ ಔದಾರ್ಯಕ್ಕೆ ಕೈಮುಗಿಯಬೇಕಿತ್ತು, ದೂರು ಬರೆಯುತ್ತಿದ್ದೇನೆ.

"ಸಸ್ಯಮೂಲ" ಎಂಬ ಪದ ನಮ್ಮದೇ, ಅರ್ಥ ಮಾತ್ರ ನಿಮ್ಮದು. ಬೆಳ್ಳಿಯ ಲವಣ ಕರಗಿಸಿದ ನೀರಿಗೆ, ಘಾಟು ರಾಸಾಯನಿಕದ ಬದಲು ಸೊಪ್ಪಿನ ಕಷಾಯ ಸುರಿಯುತ್ತೇವೆ. ನೀರು ಕಂದು ಬಣ್ಣಕ್ಕೆ ತಿರುಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ನ್ಯಾನೊ ಕಣಗಳು ಹುಟ್ಟುತ್ತವೆ. ಸೊಪ್ಪಿನ ಕೆಲಸ ಬಹುಪಾಲು ಅಲ್ಲಿಗೆ ಮುಗಿಯಿತು. ಮೂಳೆಯೊಳಗೆ ಹೋಗುವುದು ಲೋಹ. ಕೀವಿನ ಕ್ರಿಮಿಯನ್ನು ಕೊಲ್ಲುವುದೂ ಅದೇ, ಅಳತೆ ತಪ್ಪಿದರೆ ಮೂಳೆ ಕಟ್ಟುವ ಜೀವಕೋಶವನ್ನು ಕೊಲ್ಲುವುದೂ ಅದೇ. ಎಳೆಯ ಎಲೆಯ ಕಷಾಯಕ್ಕೆ ಒಂದು ಗಾತ್ರದ ಕಣ ಹುಟ್ಟುತ್ತದೆ, ಬಲಿತ ಎಲೆಯದಕ್ಕೆ ಇನ್ನೊಂದು. ಗಾಜಿನ ತಟ್ಟೆಯಲ್ಲಿ ಒಂದು ಸಲ ಜೀವಕೋಶಗಳು ಹುಲುಸಾಗಿ ಬೆಳೆದವು. ಮತ್ತೊಂದು ಸಲ ಸತ್ತು ತೇಲಿದವು. ಎರಡನ್ನೂ ನಿಮಗೆ ತಿಳಿಸಿದ್ದೆವು. ಮೊದಲನೆಯದನ್ನು ಓದಿ ಚಹಾಕ್ಕೆ ಎದ್ದು ಹೋದಿರೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೂ ಗೊತ್ತು. ಹಸಿರಾಗಿರುವುದೆಲ್ಲ ಮದ್ದಲ್ಲ ಎಂದು ನಿಮಗೆ ಯಾರು ಹೇಳಬೇಕು? ನಮ್ಮ ಪ್ರಯೋಗಾಲಯದ ಹಿರಿಯರಂತೂ, ತಾನಾಗಿ ಬಂದ ಭಾಗ್ಯವನ್ನು ಒದೆಯಬೇಡ ಎಂದು ನನಗೇ ಬುದ್ಧಿ ಹೇಳಿದರು.

ನನ್ನ ಅಕ್ಕ ಬಟ್ಟೆ ಹೊಲಿಯುವವಳು. ಅವಳ ಬಲಗಾಲಿನ ಮೂಳೆಯಲ್ಲಿ ಕೀವಾಗಿ, ಕೊರೆದು ತೆಗೆದ ಜಾಗ ಇನ್ನೂ ತುಂಬಿಕೊಂಡಿಲ್ಲ. ಹೊಲಿಗೆ ಯಂತ್ರವನ್ನು ಎಡಗಾಲೊಂದರಲ್ಲೇ ತುಳಿಯುತ್ತಾಳೆ. ಹೊಲಿಗೆ ಸೊಟ್ಟಗಾದರೆ ಇದು ಹೊಸ ಫ್ಯಾಷನ್ ಎಂದು ಗಿರಾಕಿಗಳ ಬಾಯಿ ಮುಚ್ಚಿಸುತ್ತಾಳೆ. ವಿನಾಯಿತಿ ಕೊಟ್ಟ ನಿಮ್ಮ ಪ್ರಕಟಣೆ ನೋಡಿದವಳೇ ಆಸ್ಪತ್ರೆಗೆ ಹೋಗಿ, ಆ ಜಾಗಕ್ಕೆ ಈ ಪುಡಿ ತುಂಬಿಸಿಕೊಳ್ಳಲು ಒಪ್ಪಿಗೆ ಕೊಟ್ಟು ಬಂದಳು. ಮುಂದಿನ ವಾರ ಶಸ್ತ್ರಚಿಕಿತ್ಸೆ. ಪರೀಕ್ಷೆ ಮುಗಿದಿಲ್ಲ, ಸ್ವಲ್ಪ ತಾಳು ಎಂದು ಬೇಡಿಕೊಂಡೆ. ಕಾಲೇ ಹೋದೀತು ಎಂದೂ ಹೆದರಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತಲೇ ಇದ್ದಳು.

"ಸೊಪ್ಪಿಂದು ತಾನೇ, ಏನಾಗತ್ತೆ ಬಿಡೇ," ಎಂದಳು. "ಅದೂ ಅಲ್ದೆ, ಮಾಡಿರೋಳು ನೀನಲ್ವಾ?"

ಮಾನ್ಯರೇ, ಅಲ್ಲಿಂದ ಎದ್ದು ಬಂದವಳೇ ಈ ಪತ್ರ ಬರೆಯಲು ಕೂತೆ. ನನ್ನ ಪುಡಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅವಳ ಕಾಲು ಉಳಿಸುವುದು ಇದೇ ಆಗಿರಬಹುದು. ಆದರೆ "ಇರಬಹುದು" ಎಂಬ ಮಾತಿನ ಮೇಲೆ ಅಕ್ಕನನ್ನು ಮಲಗಿಸಿ ಮೂಳೆ ಕೊರೆಯಲು ನನಗೆ ಮನಸ್ಸು ಬರುತ್ತಿಲ್ಲ. ನಿಮಗೆ ಹೇಗೆ ಬಂತು? ಆ ವಿನಾಯಿತಿಯನ್ನು ಇಂದೇ ಹಿಂತೆಗೆದುಕೊಳ್ಳಿ. ಪರೀಕ್ಷೆಗಳು ಮುಗಿಯುವವರೆಗೆ ಯಾರ ಮೂಳೆಗೂ ಇದು ಹೋಗಕೂಡದು. ಅಕ್ಕ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮೊಹರಿನ ಮಾತು ಕೇಳುತ್ತಾಳೆ.

ಇಂತಿ,
ಅಕ್ಕ ನಂಬಿದ್ದಕ್ಕೆ ಹೆದರಿ ಕೂತಿರುವ ತಂಗಿ