ಕೊಕ್ಕೆಯ ಎತ್ತರ

ಅಣ್ಣಾ,

ನಿನ್ನ ವಿಳಾಸ ನನಗೆ ಗೊತ್ತಿಲ್ಲ. ಆದರೂ ಬೆಳಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ಬರೆಯುತ್ತಿದ್ದೇನೆ.

ನಮ್ಮ ಮಿಠಾಯಿ ಕೋಣೆಯ ಗೋಡೆಗೆ ಅಜ್ಜ ಹೊಡೆದಿದ್ದ ಕೊಕ್ಕೆ ಹೋದ ವಾರ ಗಾರೆ ಸಮೇತ ಕಿತ್ತು ಬಂತು. ಬಿಸಿ ಪಾಕದ ಮುದ್ದೆಯನ್ನು ಅದಕ್ಕೆ ಎಸೆದು, ಬೆಳ್ಳಗಾಗುವವರೆಗೆ ಎಳೆದೆಳೆದೇ ಮೂರು ತಲೆಮಾರು ಬದುಕಿದೆವು. ಅಜ್ಜ, ಅಪ್ಪ, ನಾನು, ಎಲ್ಲರೂ ಕುಳ್ಳರು. ನೀನೊಬ್ಬನೇ ಉದ್ದ.

"ಒಂದು ಗೇಣು ಮೇಲಕ್ಕೆ ಹೊಡೀರಿ ಅಪ್ಪಾ, ಸೊಂಟ ಬಿದ್ದುಹೋಗ್ತಿದೆ" ಅಂತ ನೀನು ಕೇಳಿದ್ದು ಅಷ್ಟೇ.

"ಅಜ್ಜನ ಕೊಕ್ಕೆ ಮುಟ್ಟಿದ್ರೆ ಹುಷಾರ್!" ಎಂದರು ಅಪ್ಪ. ಕಿಸಕ್ಕನೆ ನಕ್ಕವನು ನಾನು. ಅವತ್ತೇ ನೀನು ಹೊರಟುಹೋದೆ.

ಗಾರೆ ಕೆಲಸದವನು, "ಎಷ್ಟೆತ್ತರಕ್ಕೆ ಹೊಡೀಲಿ ಯಜಮಾನ್ರೇ?" ಎಂದು ಕೇಳಿದ. ಏನೂ ಯೋಚಿಸದೆ ತಲೆಗಿಂತ ಮೇಲಕ್ಕೆ ಕೈ ಎತ್ತಿ ತೋರಿಸಿಬಿಟ್ಟೆ.

ಗಾರೆ ಒಣಗಿತೆಂದು ಇವತ್ತು ಮೊದಲ ಮುದ್ದೆ ಎತ್ತಿಕೊಂಡು ಹೋದರೆ, ತುದಿಗಾಲಲ್ಲಿ ನಿಂತರೂ ಕೊಕ್ಕೆ ಎಟುಕಲಿಲ್ಲ. ಪಾಕ ಕೈಯಲ್ಲೇ ಗಟ್ಟಿಯಾಯಿತು.

"ಬುದ್ಧಿ ಎಲ್ಲಿಟ್ಟಿದ್ರಿ? ಆ ಗಾರೆಯವನನ್ನ ಕರೆಸಿ ಕೊಕ್ಕೆ ಕೆಳಗಿಳಿಸಿ" ಎಂದಳು ನನ್ನ ಹೆಂಡತಿ.

"ಬೇಡ, ನನಗೊಂದು ಮಣೆ ಸಾಕು" ಎಂದೆ. "ಮಣೆ ಆದ್ರೆ ಬೇಕಾದಾಗ ಪಕ್ಕಕ್ಕೆ ಸರಿಸಬಹುದು."