ರೋಗಕ್ಕೂ ಅರ್ಧ ಬಟ್ಟಲು

ಪ್ರೀತಿಯ ಅತ್ತೆ ಮುಹಯ್ಯೋ ಅವರಿಗೆ,

ತಾಷ್ಕೆಂಟಿನಿಂದ ನಿಮ್ಮ ಸೊಸೆ ಹುಲ್ಕರಳ ಸಲಾಮು. ನಿಮ್ಮ ಮೊಮ್ಮಗಳು ನಿಗೋರ ಚೆನ್ನಾಗಿದ್ದಾಳೆ. ನಿನ್ನೆ ಇಡೀ ರೊಟ್ಟಿ ತಿಂದು, "ಅಜ್ಜಿ ರೊಟ್ಟಿ ಥರ ಇಲ್ಲ ಬಿಡು" ಎಂದು ನನ್ನನ್ನೇ ಹಂಗಿಸಿದಳು. ಆ ಮಾತು ಕೇಳಿ ನನಗೆ ಕಣ್ಣು ತುಂಬಿತು.

ನಿಮ್ಮೂರು ಮರ್ಗಿಲಾನಿನ ಆಸ್ಪತ್ರೆಯಲ್ಲಿ ಅವಳು ಜ್ವರ, ಭೇದಿಯಿಂದ ಸೊರಗಿ ಮಲಗಿದ್ದಾಗ, ಔಷಧಿ ಯಾಕೆ ನಾಟುತ್ತಿಲ್ಲ ಎಂದು ವೈದ್ಯರು ತಲೆ ಕೆಡಿಸಿಕೊಂಡಿದ್ದರು. ನೆರೆಯವರೆಲ್ಲ ನೋಡಲು ಬಂದಿದ್ದರು. ಅವರೆದುರೇ ನೀವು ಎದ್ದು ನಿಂತಿರಿ.

"ಡಾಕ್ಟ್ರೇ, ನನ್ ಕೋಳಿಗಳಿಗೂ ಹಿಂಗೇ ಆಗಿತ್ತು. ಅಂಗಡಿಯ ಹಳದಿ ಔಷಧಿ ಪುಡಿ ಹಾಕ್ದೆ. ನಿಂತಂಗಾಗಿ ಮತ್ತೆ ಬಂತು, ಮತ್ತೆ ಹಾಕ್ದೆ. ಈ ಮಗು ದಿನಾ ಗೂಡಲ್ಲೇ ಆಡ್ತಿತ್ತು."

ಪುಡಿಯ ಹೆಸರು ಕೇಳಿದರೆ, ನಿಗೋರಳ ಔಷಧಿಯದೇ ಜಾತಿ. ಎಷ್ಟು ಹಾಕಿದಿರಿ ಎಂದು ವೈದ್ಯರು ಕೇಳಿದರು. "ಪುಡಿ ಕರಗಿಸಿದ ನೀರು ಬಕೆಟ್ಟಿಗೆ ಒಂದು ಬಟ್ಟಲು, ಅಂಗಡಿಯವ್ನು ಹೇಳಿದಷ್ಟೇ" ಎಂದು ಕೈಲಿದ್ದ ಚಹಾ ಬಟ್ಟಲಿನ ಮೇಲೆ ಬೆರಳಿಟ್ಟಿರಿ. ಬೆರಳು ನಡುವಿನಲ್ಲೇ ನಿಂತಿತ್ತು. ನೆಂಟರಿಗೆ ಚಹಾ ತುಂಬಿಸಿ ಕೊಟ್ಟರೆ 'ಕುಡಿದು ಹೊರಡು' ಎಂದಂತಲ್ಲವೇ ನಮ್ಮಲ್ಲಿ! ವೈದ್ಯರು ನಕ್ಕುಬಿಟ್ಟರು: "ಅಯ್ಯೋ ತಾಯಿ, ರೋಗಕ್ಕೂ ನೆಂಟರ ಮರ್ಯಾದೆ ಮಾಡಿದ್ರಲ್ಲ!"

ಕೋಳಿಯ ಕರುಳೂ ಒಂದು ಕೇರಿಯೇ, ಅತ್ತೆ. ಪದೇ ಪದೇ ಹಾಕಿದ ಅರೆ ಔಷಧಿಗೆ ಒಳ್ಳೆಯ ಕ್ರಿಮಿಗಳು ಸತ್ತವು. ಅದನ್ನು ಜೀರ್ಣಿಸಿಕೊಂಡ ಗಟ್ಟಿ ಕ್ರಿಮಿಗಳು ಖಾಲಿ ಮನೆಗಳನ್ನು ಹಿಡಿದವು. ಅವೇ ನಿಗೋರಳಿಗೂ ಬಂದಿದ್ದವು. ನಿಮ್ಮ ಮಾತು ಕೇಳಿಯೇ ವೈದ್ಯರು ಪರೀಕ್ಷೆಯ ವರದಿಗೆ ಕಾಯದೆ ಬೇರೆ ಔಷಧಿ ಕೊಟ್ಟರು. ವರದಿ ಬರುವಷ್ಟರಲ್ಲಿ ಮಗು ಚೇತರಿಸಿಕೊಂಡು ತಾನಾಗಿಯೇ ನೀರು ಕೇಳಿತ್ತು.

ಇಂಗ್ಲಿಷಿನಲ್ಲಿ ಇದನ್ನೆಲ್ಲ ಓದಿದವಳು ನಾನು. ನಿಮ್ಮ ಜಾಗದಲ್ಲಿದ್ದಿದ್ದರೆ ಅಷ್ಟು ಜನರೆದುರು ಬಾಯಿ ಬಿಡುತ್ತಿದ್ದೆನೇ? ಹೊರಗೆ ಬಂದ ಮೇಲೆ ಪಕ್ಕದ ಮನೆಯ ಸಬೋಹತ್ ಚುಚ್ಚಿದ್ದು ನೆನಪಿದೆಯೇ? "ಊರಿಗೆಲ್ಲ ಸಾರಿಬಿಟ್ಯಲ್ಲೇ, ಇನ್ನು ನಿನ್ ಮೊಟ್ಟೆ ಯಾರು ತಗೋತಾರೆ?" ನೀವು ತಲೆವಸ್ತ್ರ ಸರಿಮಾಡಿಕೊಂಡು ಹೇಳಿದಿರಿ: "ತಗೋಬೇಡ ಬಿಡೇ. ಮೊಮ್ಮಗಳು ಮನೆಗೆ ಬರ್ತಾಳಲ್ಲ, ಮೊಟ್ಟೆ ನಾನೇ ಬೇಯಿಸ್ಕೊಂಡು ತಿಂತೀನಿ."

ಈ ಸಲ ಮರಿಗಳನ್ನು ಪೇಟೆಯಿಂದ ತರದೆ ತಾಯಿಕೋಳಿಯ ಕೆಳಗೇ ಮಾಡಿಸಿದಿರಂತೆ. ಒಳ್ಳೆಯದಾಯಿತು. ತಾಯಿಯ ಜೊತೆ ಕೆದಕುತ್ತಲೇ ಅವುಗಳ ಕರುಳಿಗೆ ಒಳ್ಳೆಯ ನೆರೆಹೊರೆ ಸೇರುತ್ತದೆ. ಇನ್ನು ಪುಡಿ ಬೇಕೇ ಆದರೆ ಪಶುವೈದ್ಯರನ್ನು ಕೇಳಿ. ಅವರು ಬಟ್ಟಲು ಎಂದರೆ ಅಂಚಿನವರೆಗೆ ತುಂಬಿಸಿ.

ವಸಂತಕ್ಕೆ ಮಗುವನ್ನು ಕರೆದುಕೊಂಡು ಬರುತ್ತೇನೆ. ನನಗೆ ಮಾತ್ರ ಚಹಾ ಅರ್ಧವೇ ಹಾಕಿ, ಅತ್ತೆ. ಮತ್ತೆ ಮತ್ತೆ ಕೇಳಿ ಕುಡಿಯುತ್ತೇನೆ.

ನಿಮ್ಮ ಅಂಗಳ ಸದಾ ಕಲಕಲ ಎನ್ನುತ್ತಿರಲಿ.

ನಿಮಗೆ ಋಣಿಯಾದ ಸೊಸೆ,
ಹುಲ್ಕರ್