ಒಂದೇ ಬಸ್ಸಿನ ಮುಕ್ಕಾಲು ಗಂಟೆ

ಹಾಸ್ಟೆಲ್, ಕೊಠಡಿ ಹದಿನಾಲ್ಕು
ನವೆಂಬರ್ 9, ಭಾನುವಾರ

ಪ್ರೀತಿಯ ಅಮ್ಮನಿಗೆ,

ಇದನ್ನು ಫೋನಿನಲ್ಲೇ ಹೇಳಬಹುದಾಗಿತ್ತು. ಆದರೆ ನೀನು ಅರ್ಧಕ್ಕೇ "ಇಡ್ತೀನಿ, ಡ್ಯೂಟಿಗೆ ಹೊತ್ತಾಯ್ತು" ಅನ್ನುತ್ತೀಯ. ಕಾಗದವಾದರೆ ಸಿಟ್ಟಿನಲ್ಲಿ ಮಡಿಚಿಟ್ಟರೂ ಮತ್ತೆ ತೆಗೆಯಬಹುದು. ಪೂರ್ತಿ ಓದು, ಆಮೇಲೆ ಬೈ.

ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ "ಶಾಂತಿ ಮತ್ತು ಸಂಘರ್ಷ ಪರಿಹಾರ" ಎಂದು ಒಂದೇ ಉಸಿರಿಗೆ ಹೇಳಿ ಮಾತು ಬದಲಿಸುತ್ತೀಯಲ್ಲ, ನನಗೆ ಗೊತ್ತು. ಕೆಳಗಿನ ಮನೆಯ ಟೈಲರ್ "ಡಿಗ್ರಿ ಮುಗಿದ ಮೇಲೆ ಮೊದಲು ನಮ್ಮ ಮನೆಗೇ ಕಳಿಸಿ" ಎಂದದ್ದಕ್ಕೆ ಅಪ್ಪ ವಾರವಿಡೀ ನಕ್ಕಿದ್ದ. ಮೊದಲ ವರ್ಷ ನಾನೂ ಇದು ದೇಶದೇಶಗಳ ಜಗಳದ ಓದು ಎಂದುಕೊಂಡಿದ್ದೆ. ಗಡಿ, ಒಪ್ಪಂದ, ನದಿ ನೀರು. ಈ ವರ್ಷ ನಮ್ಮ ಮೇಡಂ ಎಲ್ಲವನ್ನೂ ಒಂದು ಕೋಣೆಯೊಳಗೆ ತಂದಿಟ್ಟರು. ಇಬ್ಬರನ್ನು ಎದುರುಬದುರು ಕೂರಿಸಿ, ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂದು ಸುಮ್ಮನೆ ಜಗಳ ಆಡಿಸಿದರು. ಇಪ್ಪತ್ತೇ ನಿಮಿಷಕ್ಕೆ ಒಬ್ಬಳು ನಿಜವಾಗಿಯೂ ಅತ್ತಳು. ಏನೆಂದು ಕೇಳಿದರೆ, ಅವಳು ಮಾತಾಡುವಾಗ ಎದುರಿನವಳು ಗಡಿಯಾರ ನೋಡಿದಳಂತೆ! ಕಿಟಕಿ ಯಾರಿಗೂ ನೆನಪಿರಲಿಲ್ಲ. ಅವತ್ತಿನಿಂದ ನನಗೊಂದು ಹುಚ್ಚು ಹಿಡಿದಿದೆ. ಬೀದಿಯಲ್ಲಿ ಇಬ್ಬರು ಜಗಳವಾಡುತ್ತಿದ್ದರೆ ಕ್ಲಾಸಿಗೆ ತಡವಾದರೂ ನಿಂತು ಕೇಳುತ್ತೇನೆ.

ಈ ಸಲದ ಪ್ರಾಜೆಕ್ಟು ಹೀಗಿದೆ: ಚಿಕ್ಕಂದಿನಿಂದ ಒಂದೇ ಬಾಯಿಂದ ಕೇಳಿದ ಜಗಳವೊಂದನ್ನು ಇನ್ನೊಂದು ಬಾಯಿಂದಲೂ ಕೇಳಿ ಬರಬೇಕು.

ಅಮ್ಮಾ, ನಾನು ದೊಡ್ಡಮ್ಮನ ಮನೆಗೆ ಹೋಗಿದ್ದೆ.

ನಿನ್ನ ಅಕ್ಕ ಇದೇ ಊರಿನಲ್ಲಿದ್ದಾರೆ ಎಂದು ನನಗೆ ಹೇಳಿದ್ದು ಅಪ್ಪ. ಅವನ ಮೇಲೆ ರೇಗಬೇಡ. ಈ ಕಾಲೇಜನ್ನೇ ಹಟ ಹಿಡಿದು ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ. ನಿನಗೆ ಹೇಳಿರಲಿಲ್ಲ, ಅಷ್ಟೆ.

ನೀನು ಈ ಜಗಳವನ್ನು ಯಾವಾಗಲೂ ಮೂರೇ ವಾಕ್ಯದಲ್ಲಿ ಹೇಳುತ್ತೀಯ. "ನಿಮ್ಮ ದೊಡ್ಡಮ್ಮ ತಪ್ಪು ಇಂಜೆಕ್ಷನ್ ಕೊಟ್ಲು. ನಾನು ಮೇಲಿನವರಿಗೆ ವರದಿ ಬರೆದುಕೊಟ್ಟೆ. ಅದಕ್ಕೆ ಮಾತು ಬಿಟ್ಲು." ನೀವಿಬ್ಬರೂ ನರ್ಸಾಗಿದ್ದ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳಿದ್ದರು, ಒಬ್ಬರ ಇಂಜೆಕ್ಷನ್ ಇನ್ನೊಬ್ಬರಿಗೆ ಹೋಯಿತು, ಆ ಮನುಷ್ಯ ಮೂರು ದಿನಕ್ಕೆ ಎದ್ದು ಮನೆಗೆ ನಡೆದ, ದೊಡ್ಡಮ್ಮನ ಕೆಲಸ ಮಾತ್ರ ಹೋಯಿತು. ಇಷ್ಟನ್ನೂ ನಾನು ಅಪ್ಪನಿಂದ ಕೆದಕಿ ಕೆದಕಿ ತಿಳಿದದ್ದು.

ದೊಡ್ಡಮ್ಮ ಈಗ ಒಂದು ದೊಡ್ಡ ಲಾಂಡ್ರಿಯಲ್ಲಿ ಮೇಲ್ವಿಚಾರಕಿ. ಆಸ್ಪತ್ರೆಗಳ ಹಾಸಿಗೆ ಹೊದಿಕೆ ಒಗೆಯುವ ಜಾಗ. ಯಾವ ಕಲೆ ಯಾವ ಔಷಧಿಯದ್ದು ಎಂದು ದೂರದಿಂದಲೇ ಹೇಳುತ್ತಾರೆ. ನಾನು ನಡೆದು ಬರುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ, "ನಡಿಗೆ ಥೇಟ್ ಅವಳದ್ದೇ. ಒಳಗೆ ಬಾ," ಅಂದರು.

"ಯಾಕೆ" ಎಂದು ಕೇಳಿದರೆ ಜನ ವಾದಕ್ಕೆ ನಿಲ್ಲುತ್ತಾರೆ, "ಆಮೇಲೆ ಏನಾಯ್ತು" ಎಂದು ಕೇಳಿದರೆ ಕಥೆ ಹೇಳುತ್ತಾರೆ ಎಂದು ಮೇಡಂ ಕಲಿಸಿದ್ದರು. ನಾನು ಎರಡನೆಯದನ್ನೇ ಕೇಳುತ್ತಾ ಹೋದೆ.

"ಬರೆದುಕೊಟ್ಟದ್ದು ಸರಿ ಕಣೇ," ಎಂದರು ದೊಡ್ಡಮ್ಮ. "ನಾನಾಗಿದ್ರೂ ಬರೀತಿದ್ದೆ. ಒಂದು ಜೀವ ಹೋಗ್ತಿತ್ತು."

ನನ್ನ ಪೆನ್ನು ಅಲ್ಲೇ ನಿಂತಿತು. ಹಾಗಾದರೆ ಒಂಬತ್ತು ವರ್ಷದಿಂದ ನಾವು ತಿಳಿದದ್ದು ಯಾವ ಜಗಳ?

"ಅವತ್ತು ಡ್ಯೂಟಿ ಮುಗಿಸ್ಕೊಂಡು ಇಬ್ಬರೂ ಒಂದೇ ಬಸ್ಸಲ್ಲಿ ಬಂದ್ವಿ. ಪಕ್ಕಪಕ್ಕದ ಸೀಟು. ಮುಕ್ಕಾಲು ಗಂಟೆ ದಾರಿ. ಆ ರೋಗಿ ಯಾಕೆ ಕುಸಿದುಬಿದ್ದ ಅಂತ ನಂಗಿನ್ನೂ ಗೊತ್ತಿರ್ಲಿಲ್ಲ. ಅವಳು ಬರೆದುಕೊಟ್ಟಾಗಿತ್ತು. ನಾನು ಕಿತ್ತಳೆಹಣ್ಣು ಸುಲಿದು ಕೊಟ್ಟೆ. ತಿಂದ್ಲು. ಬೆಳಿಗ್ಗೆ ನನ್ನನ್ನ ಒಳಗೆ ಕರೆದ್ರು. ಮೇಜಿನ ಮೇಲೆ ಅವಳ ಅಕ್ಷರ."

ಅಷ್ಟೇ ಹೇಳಿ ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು. ತೊಳೆದಿಟ್ಟಿದ್ದ ಪಾತ್ರೆಗಳನ್ನೇ.

ಅಮ್ಮಾ, ಬಸ್ಸಿನ ವಿಷಯ ನಿನ್ನ ಮೂರು ವಾಕ್ಯಗಳಲ್ಲಿ ಯಾವತ್ತೂ ಇರಲಿಲ್ಲ. ತಪ್ಪು ಹಿಡಿಯಲು ಹೇಳುತ್ತಿಲ್ಲ. ಆ ಮುಕ್ಕಾಲು ಗಂಟೆ ನೀನು ಏನು ಯೋಚಿಸುತ್ತಿದ್ದೆ ಎಂದು ತಿಳಿಯುವ ಆಸೆ. ಪ್ರತಿ ಸ್ಟಾಪಿನಲ್ಲೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆಯಾ? ಹೇಳಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರಾ? ಆ ಹಣ್ಣು ಗಂಟಲಲ್ಲಿ ಇಳಿಯಿತಾ?

ಇನ್ನೊಂದು ವಿಷಯ. ಅವರ ಕೆಲಸ ಹೋದ ಆ ತಿಂಗಳಲ್ಲೇ ನೀನು ಎರಡು ಸಲ ಅವರ ಬಾಗಿಲು ತಟ್ಟಿದ್ದೆಯಂತೆ. ಇದನ್ನೂ ನೀನು ಹೇಳಿರಲಿಲ್ಲ. ಅವರು ಒಳಗೇ ಇದ್ದರಂತೆ. ಎರಡನೇ ಸಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರಂತೆ, ನೀನು ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ. "ಅದು ನನ್ನ ತಪ್ಪು. ಅದನ್ನೂ ಬರ್ಕೋ," ಅಂದರು.

ನಾನು ಓಡಿಹೋಗಿ ಮೇಡಂಗೆ ಎಲ್ಲ ಹೇಳಿದೆ. ಪರಿಹಾರ ನನ್ನ ಕೈಯಲ್ಲೇ ಇದೆ ಎಂಬ ಹುರುಪು. ಅವರು ನನ್ನ ಪುಸ್ತಕ ಮುಚ್ಚಿಟ್ಟರು. "ನೀನಿಲ್ಲಿ ಮಧ್ಯಸ್ಥೆ ಅಲ್ಲಮ್ಮ, ಮಗಳು. ಮೊದಲು ಅಮ್ಮನಿಗೆ ಹೇಳು. ಅವರು ಬೇಡ ಅಂದ್ರೆ ಇದು ನಿನ್ನ ಪ್ರಾಜೆಕ್ಟೂ ಅಲ್ಲ," ಎಂದರು. ಮುಖಕ್ಕೆ ಹೊಡೆದ ಹಾಗಾಯಿತು. ಎರಡು ವರ್ಷ ಓದಿದ ಮೇಲೂ, ಕೇಳದೆ ಬಾಗಿಲು ತೆರೆಯಬಾರದು ಎಂಬಷ್ಟು ಬುದ್ಧಿ ನನಗೆ ಬಂದಿರಲಿಲ್ಲ. ಕ್ಷಮಿಸು.

ಹಾಗಾಗಿ ಪ್ರಾಜೆಕ್ಟಿಗೆ ಟೈಲರ್ ಮನೆಯ ಜಗಳವನ್ನೇ ಹಿಡಿಯುತ್ತೇನೆ, ಅವರಂತೂ ಕರೆದಿದ್ದಾರೆ. ಈ ಕಾಗದ ನಿನಗೆ ಮಾತ್ರ. ನಿನಗೆ ಬರೆಯುತ್ತೇನೆ ಎಂದು ಮತ್ತೆ ಹೋಗಿ ದೊಡ್ಡಮ್ಮನನ್ನು ಕೇಳಿದೆ. "ಹೇಳಿದ್ದನ್ನ ಹೇಳಿದ ಹಾಗೇ ಬರಿ, ಉಪ್ಪುಖಾರ ಹಚ್ಚಬೇಡ," ಎಂದರು. ನಾನು ಹೊರಡುವಾಗ, "ಭಾನುವಾರ ನಾನು ಮನೇಲೇ ಇರ್ತೀನಿ," ಎಂದರು. ಅದಕ್ಕಿಂತ ಹೆಚ್ಚು ಒಂದಕ್ಷರವನ್ನೂ ನಾನು ಸೇರಿಸುತ್ತಿಲ್ಲ.

ನೀನು ಏನು ಮಾಡುತ್ತೀಯೋ ನೋಡುವ ಕುತೂಹಲ ನನಗೆ ತಡೆಯಲಾಗುತ್ತಿಲ್ಲ. ಆದರೂ ಒತ್ತಾಯವಿಲ್ಲ.

ನಿನ್ನ
ಅಧಿಕಪ್ರಸಂಗಿ ಮಗಳು

ತಾ.ಕ.: ಲಕೋಟೆಯ ಮೇಲಿನ ಅಕ್ಷರ ಯಾರದ್ದೆಂದು ಒಡೆಯುವ ಮೊದಲೇ ನಿನಗೆ ತಿಳಿದಿರುತ್ತದೆ. "ಕೊಡು, ವಿಳಾಸ ನಾನು ಬರೀತೀನಿ," ಎಂದು ಅವತ್ತು ದೊಡ್ಡಮ್ಮನೇ ಖಾಲಿ ಲಕೋಟೆ ಕೇಳಿ ತೆಗೆದುಕೊಂಡರು. ನಾವು ಈಗಿನ ಮನೆಗೆ ಬಂದದ್ದು ನೀವಿಬ್ಬರೂ ಮಾತು ಬಿಟ್ಟು ಎರಡು ವರ್ಷದ ಮೇಲೆ. ನಾನು ವಿಳಾಸ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮನೆ ನಂಬರಿನ ಸಮೇತ, ಒಮ್ಮೆಯೂ ತಡವರಿಸದೆ ಬರೆದು ಮುಗಿಸಿದರು.